ವೈನಿ ಕೇಳಿದ ಇಪ್ಪತ್ತು ದಿನ

ಹದಿನಾಲ್ಕು ವರ್ಷದಲ್ಲಿ ನಮ್ಮ ಅತ್ತಿಗೆ ಸುಗಂಧಾ ವೈನಿ ತವರುಮನೆಯಲ್ಲಿ ಒಮ್ಮೆಲೇ ನಾಲ್ಕು ದಿನ ಉಳಿದವಳಲ್ಲ. ಮಗಳು ಯೋಗಿತಾ ಹುಟ್ಟಿದಾಗ ಬಾಣಂತನ ಕೂಡ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ದಾಳಿಂಬದ ಮನೆಯಲ್ಲೇ ಆಯಿತು. ಹೋದ ಎರಡನೇ ದಿನವೋ ಮೂರನೇ ದಿನವೋ ಇಲ್ಲಿಂದ ಫೋನು ಹೋಗುತ್ತಿತ್ತು, ಅವಳು ಚೀಲ ಹಿಡಿದುಕೊಂಡು ವಾಪಸು ಬರುತ್ತಿದ್ದಳು. ಅದಕ್ಕೇ ಈ ಸಲ ಶ್ರಾವಣದ ಮೊದಲ ವಾರ ಅವಳು ಊಟಕ್ಕೆ ಬಡಿಸುತ್ತ ಹೇಳಿದ ಮಾತು ನಮಗೆ ಯಾರಿಗೂ ಮೊದಲು ತಲೆಗೇ ಹೋಗಲಿಲ್ಲ.

“ಇಪ್ಪತ್ತು ದಿನ ಔರಾದಕ್ಕ ಹೋಗ್ತೀನ್ರಿ ಅತ್ತಿ.”

ನಮ್ಮವ್ವ ಪ್ರಯಾಗಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಎಷ್ಟು ದಿನ?”

“ಇಪ್ಪತ್ತು. ಅವ್ವಗ ಎಬ್ಬಿಸಿ ಕೂಡಸಬೇಕು, ಬಚ್ಚಲಿಗಿ ಒಯ್ಯಬೇಕು. ಡಾಕ್ಟರ್ ಮೂರು ವಾರ ಅಂದಾರ.”

ಔರಾದ ಶಹಾಜನಿಯಲ್ಲಿ ಅವಳ ತಾಯಿ ಕಲ್ಯಾಣಮ್ಮ ಜಾರಿ ಬಿದ್ದು ಸೊಂಟದ ಎಲುಬಿಗೆ ಆಪರೇಷನ್ ಆಗಿತ್ತು. ಅದು ನಮಗೆಲ್ಲ ಗೊತ್ತಿದ್ದ ಸುದ್ದಿಯೇ.

“ನಿಮ್ಮ ಚಿಗವ್ವ ಇದ್ದಾಳಲ್ಲ ಅಲ್ಲಿ?” ಎಂದಳು ಅವ್ವ.

“ಚಿಗವ್ವ ಎಂಟು ದಿನ ನೋಡಿದಳ್ರಿ. ಆಕಿಗೂ ಮನಿ ಅದ. ನಮ್ಮವ್ವ ಹಡದಿದ್ದು ನನಗೊಬ್ಬಾಕಿಗಿ.”

“ಮತ್ತ ಇಲ್ಲಿ?”

“ಇಲ್ಲಿ ನೀವಿದ್ದೀರಿ, ಯೋಗಿತಾ ಇದ್ದಾಳ, ರವಿ ಇದ್ದಾನ. ಇವರಿದ್ದಾರ.”

ಇವರು ಎಂದರೆ ನಮ್ಮ ಅಣ್ಣ ನಾಗನಾಥ. ನನಗಿಂತ ಹದಿನಾರು ವರ್ಷ ದೊಡ್ಡವನು. ಅವನು ತಾಟಿನ ಬದಿಗೆ ಯಾರದೋ ನೀರಿನ ಮೋಟಾರಿನ ಬೇರಿಂಗು ಇಟ್ಟುಕೊಂಡು, ಒಂದು ತುತ್ತಿಗೊಮ್ಮೆ ತಿರುಗಿಸಿ ನೋಡುತ್ತಿದ್ದ. ಹೆಂಡತಿ ಏನು ಹೇಳಿದಳು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅವನು ಹಾಗೆಯೇ. ಉಮರಗಾದ ಬಜಾರಕ್ಕೆ ಕಳಿಸುವಾಗ ವೈನಿ ಅವನಿಗೆ ಒಂದೇ ಸಾಮಾನು ಹೇಳುತ್ತಿದ್ದಳು. ಅಂಗಡಿ ಮುಟ್ಟಿದ ಮೇಲೆ ಫೋನು ಮಾಡಿ, ಅದು ಕೈಗೆ ಬಂತೇ ಎಂದು ಕೇಳಿ, ಆಮೇಲೆ ಎರಡನೆಯದು ಹೇಳುತ್ತಿದ್ದಳು. ಅವನು ಹೊಲದಲ್ಲಿದ್ದರೂ ಫೋನು. ಮೋಟಾರ್ ಬಂದ್ ಮಾಡಿದ್ರೇನ್ರಿ? ಎಮ್ಮಿ ನೆರಳಿಗಿ ಕಟ್ಟಿದ್ರೇನ್ರಿ? ದಿನಕ್ಕೆ ಮೂವತ್ತು ಸಲವಾದರೂ ಆಗುತ್ತಿತ್ತು. ಊರಲ್ಲಿ ಗಂಡನ ಮೂಗುದಾಣ ಹಿಡಿದಾಳ ಎಂದು ಆಡಿಕೊಂಡರು. ನಾನು ಅವಳಿಗೆ ಕಂಟ್ರೋಲ್ ರೂಮ್ ಎಂದು ಹೆಸರಿಟ್ಟಿದ್ದೆ. ಅದನ್ನು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಣ್ಣ ಏನೇ ಮರೆತರೂ ಅವ್ವ ಬೈಯುತ್ತಿದ್ದದ್ದು ಇಬ್ಬರನ್ನು. ಅವನಿಗೆ, “ನಿನಗ ಸೊಕ್ಕು. ಮೋಟಾರ ಬಿಚ್ಚಲಾಕ ಐದು ತಾಸು ಲಕ್ಷ್ಯ ಇರ್ತದ, ಮನಿ ಕೆಲಸಕ್ಕ ಇರಂಗಿಲ್ಲ.” ವೈನಿಗೆ, “ನೀ ಯಾಕ ನೆನಪು ಮಾಡಲಿಲ್ಲ? ಲಗ್ನ ಆಗೂ ಮುಂದ ನನ್ನ ಮಗ ಹಿಂಗಿರಲಿಲ್ಲ.” ಅವರ ಮದುವೆಯಾದಾಗ ನನಗೆ ಹತ್ತು ವರ್ಷ. ಅವ್ವ ಹೇಳಿದ್ದೇ ಖರೆ ಎಂದುಕೊಂಡು ಬೆಳೆದೆ.

ಹೊರಡುವ ಹಿಂದಿನ ದಿನ ವೈನಿ ಕೆಲಸ ಹಂಚಿದಳು. ಅಡುಗೆ ಅವ್ವನಿಗೂ ಯೋಗಿತಾಳಿಗೂ. ಎಮ್ಮೆ ಹಿಂಡುವುದು, ಗಿರಣಿ, ಬಜಾರ ಅಣ್ಣನಿಗೆ. ಉಳಿದದ್ದು ಅವ್ವನ ಸೂಜಿ. ಅವ್ವನಿಗೆ ಶುಗರ್ ಇದೆ, ದಿನಾ ಬೆಳಗ್ಗೆ ಇಪ್ಪತ್ತು ಯುನಿಟ್ ಇನ್ಸುಲಿನ್ ಬೇಕು. ಸೂಜಿ ಕಂಡರೆ ಅವಳಿಗೆ ಭಯ. ಕಣ್ಣು ಮುಚ್ಚಿ, ಮುಖ ಗೋಡೆಗೆ ತಿರುಗಿಸಿ ತೋಳು ಕೊಡುತ್ತಾಳೆ.

“ಯೋಗಿತಾಗ ಕಲಿಸೀನ್ರಿ. ಆಕಿ ಕೊಡ್ತಾಳ,” ಎಂದಳು ವೈನಿ.

“ಹದಿಮೂರು ವರ್ಷದ ಪೋರಿ ನನಗ ಚುಚ್ಚಬೇಕೇನು? ನಾ ಚುಚ್ಚಿಸ್ಕೊಳ್ಳಂಗಿಲ್ಲ.”

“ಹಂಗಾದ್ರ ರವಿ ಕೊಡ್ಲಿ.”

“ನಾ ಐದೂವರಿಗಿ ಗಾಡಿ ತಗೀತೀನಿ ವೈನಿ,” ಎಂದೆ. ನಾನು ಒಂಬತ್ತನೆತ್ತಾಕ್ಕೇ ಸಾಲೆ ಬಿಟ್ಟವನು, ದಾಳಿಂಬ–ಉಮರಗಾ ನಡುವೆ ಮೂರು ಗಾಲಿಯ ಟಮಟಮ ಓಡಿಸುತ್ತೇನೆ. ಒಂದು ತಾಸು ತಡ ಮಾಡಿದ್ದರೆ ಮುಳುಗಿಹೋಗುತ್ತಿರಲಿಲ್ಲ. ಮೊದಲ ಟ್ರಿಪ್ಪಿನ ಸೀಟು ಬಿಡಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

“ನನಗ ದೊಡ್ಡ ಮಗ ಇಲ್ಲೇನು?” ಎಂದಳು ಅವ್ವ. “ನಾಗನಾಥ ಕೊಡ್ತಾನ.”

ವೈನಿ ಅಣ್ಣನ ಮುಂದೆ ಹೋಗಿ ನಿಂತಳು, ಅವನು ತಲೆ ಎತ್ತುವ ತನಕ ಕಾದಳು. “ಮುಂಜಾನೆ ಏಳಕ್ಕ ಕಾಲು ತಾಸು ಇದ್ದಾಗ ನಾ ಫೋನ್ ಹಚ್ಚತೀನಿ. ಫೋನ್ ಚಾಲೂ ಇಟ್ಟೇ ಸೂಜಿ ಕೊಡಬೇಕು. ತಿಳೀತೇನ್ರಿ?”

“ತಿಳೀತು,” ಎಂದ ಅಣ್ಣ.

ಮೊದಲ ವಾರ ಸೂಜಿ ಒಂದೇ ಸುಸೂತ್ರ ನಡೆಯಿತು. ಔರಾದದಿಂದ ವೈನಿಯ ದನಿ ಸ್ಪೀಕರಿನಲ್ಲಿ ಬರುತ್ತಿತ್ತು ಎಂದು ಯೋಗಿತಾ ಹೇಳುತ್ತಿದ್ದಳು. “ಬಾಟಲಿ ತಗದ್ರಿ? ಈಗ ಎಳೀರಿ. ಇಪ್ಪತ್ತರ ಗೆರಿ ಮ್ಯಾಲ ನಿಂತದ? ಬಾಟಲಿ ಮೊದಲ ಫ್ರಿಜ್ಜಿನಾಗ ಇಡ್ರಿ. ಇಟ್ಟು ಬಾಗಲಾ ಹಾಕಿದ್ದು ನನಗ ಕೇಳಸಬೇಕು. ಹೂಂ, ಈಗ ಅತ್ತಿಗಿ ಚುಚ್ಚರಿ.” ಬಾಗಿಲು ಹಾಕಿದ ಸದ್ದು ಕೇಳದೆ ಮುಂದಿನ ಮಾತು ಹೇಳುತ್ತಿರಲಿಲ್ಲ.

ಉಳಿದದ್ದೆಲ್ಲ ಕುಸಿಯಿತು. ಎರಡನೇ ದಿನ ಅಣ್ಣ ಮಾಳಿಗೆಯ ಟಾಕಿಗೆ ನೀರು ಬಿಟ್ಟು ಹೊಲಕ್ಕೆ ಹೋದ. ನೀರು ಉಕ್ಕಿ ಪಕ್ಕದ ಮನೆಯ ಗುರಮ್ಮನ ಕಟ್ಟಿಗೆ ರಾಶಿಯೆಲ್ಲ ತೊಯ್ದಿತು. ಮೂರನೇ ದಿನ ಹಾಲು ಹಿಂಡಿ ಚರಿಗೆಯನ್ನು ಕೊಟ್ಟಿಗೆಯಲ್ಲೇ ಬಿಟ್ಟ, ನಾಯಿ ಕುಡಿಯಿತು. ನಾಲ್ಕನೇ ದಿನ ಅವ್ವ ಕುಕ್ಕರಿನಲ್ಲಿ ಬೇಳೆ ಇಟ್ಟು, ಮೂರು ಸೀಟಿಯಾದರೆ ಒಲೆ ಆರಿಸು ಎಂದು ಹೇಳಿ ಸ್ನಾನಕ್ಕೆ ಹೋದಳು. ಅವಳು ಹೊರಬರುವಾಗ ಮನೆ ತುಂಬ ಹೊಗೆ, ಅಣ್ಣ ಅಂಗಳದಲ್ಲಿ ಯಾರದೋ ಪಂಪಿನ ಹೊಟ್ಟೆ ಬಿಚ್ಚಿ ಕೂತಿದ್ದ.

ಐದನೇ ದಿನ ಜೋಳ ಬೀಸಿಸಲು ಗಿರಣಿಗೆ ಹೋದವನು ಸಂಜೆ ಬರಿಗೈಯಲ್ಲಿ ಬಂದ.

“ಹಿಟ್ಟು ಎಲ್ಲದ?” ಎಂದಳು ಅವ್ವ.

“ಗಿರಣ್ಯಾಗ.”

“ಗಿರಣಿ?”

“ಬಂದ್ ಆಗ್ಯದ.”

ಯೋಗಿತಾ ಕಿಸಕ್ಕನೆ ನಕ್ಕಳು. ಅವ್ವ ಅವಳ ತಲೆಗೆ ಮೊಟಕಿದಳು. “ನಗ್ತಿ? ರಾತ್ರಿಗಿ ಚುನಮುರಿ ತಿನ್ನು. ನಿಮ್ಮವ್ವ ಫೋನ್ ಮಾಡಿ ಮಾಡಿ ಇವನ ತಲಿ ಮೊದ್ದು ಮಾಡ್ಯಾಳ. ಏನೋ ನಾಗನಾಥ, ಹೇಳಿದ್ದು ಒಂದೇ ಕೆಲಸ ನಿನಗ.”

“ಹೇಳೂ ಮುಂದ ಗೊತ್ತಿರ್ತದವ್ವ. ಹೊಸ್ತಿಲ ದಾಟೂದ್ರಾಗ ಹೋಗ್ತದ.”

“ಎಲ್ಲಿಗಿ ಹೋಗ್ತದ?”

“ಗೊತ್ತಿದ್ರ ಹೋಗಿ ತರ್ತಿದ್ದೆ.”

ಇದನ್ನು ಅವನು ತಮಾಷೆಗೆ ಹೇಳಿದ್ದಲ್ಲ. ನಾವು ತಮಾಷೆ ಎಂದು ನಕ್ಕೆವು. ಅವನು ಚುನಮುರಿಯ ತಾಟು ಅಲ್ಲೇ ಬಿಟ್ಟು ಎದ್ದುಹೋದ.

ಎಂಟನೇ ದಿನ ಬೆಳಗ್ಗೆ ಗುರಮ್ಮ ಮಜ್ಜಿಗೆ ಕೇಳಲು ಬಂದಾಗ ಫೋನು ನಡೆದಿತ್ತು. ಅವಳು ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿ ಸೆರಗು ಬಾಯಿಗೆ ಹಿಡಿದಳು.

“ಏನ ಪ್ರಯಾಗಬಾಯಿ, ಸೊಸಿ ಔರಾದದಾಗ ಕುಂತು ನಿನ್ನ ಮಗನಿಗಿ ಇಲ್ಲಿ ಕುಣಸ್ತಾಳಲ್ಲ. ನಮ್ಮ ಟೀವಿ ರಿಮೋಟ್ ಸೈತ ಇಷ್ಟು ದೂರ ಹತ್ತಂಗಿಲ್ಲ ನೋಡು.”

ಅವ್ವನಿಗೆ ಅದು ಕೆಂಡ ಇಟ್ಟ ಹಾಗಾಯಿತು. ಚುಚ್ಚಿಸಿಕೊಂಡವಳೇ ಅಣ್ಣನ ಕೈಯಿಂದ ಫೋನು ಕಿತ್ತುಕೊಂಡಳು. “ಸುಗಂಧಾ, ನಾಳಿಂದ ಫೋನ್ ಮಾಡಬ್ಯಾಡ. ನಿಮ್ಮವ್ವನ ಸೇವಾ ನೀ ಮಾಡ್ಕೋ. ನನ್ನ ಮಗ ಕೂಸಲ್ಲ.”

“ಅತ್ತಿ, ಸೂಜಿ ಹೊತ್ತಿಗಿ ಒಂದೇ—”

“ಇಪ್ಪತ್ತು ಗೆರಿ ಎಣಸಲಾಕ ಬರಂಗಿಲ್ಲೇನು ಅವನಿಗಿ? ಹತ್ತನೆತ್ತಾ ಪಾಸ್ ಆಗ್ಯಾನ. ಇಡು ಫೋನ್.”

ಹತ್ತು ಗಂಟೆಗೆ ವೈನಿ ನನಗೆ ಫೋನು ಮಾಡಿದಳು. ನಾನು ಉಮರಗಾದ ಸ್ಟ್ಯಾಂಡಿನಲ್ಲಿ ಸೀಟು ತುಂಬಿಸುತ್ತಿದ್ದೆ. “ರವಿ, ಒಂದೀಟು ತಡಾ ಮಾಡಿ ಗಾಡಿ ತಗಿ. ಸೂಜಿ ಹೊತ್ತಿಗಿ ನೀ ಬಾಜೂಕ ನಿಂತರ ಸಾಕು,” ಎಂದಳು.

“ನೋಡ್ತೀನಿ ವೈನಿ,” ಎಂದೆ. ನೋಡಲಿಲ್ಲ.

ಒಂಬತ್ತನೇ ದಿನ, ಹತ್ತನೇ ದಿನ ಏನೂ ಆಗಲಿಲ್ಲ. ಅವ್ವ ಓಣಿಯಲ್ಲಿ ಹೇಳಿಕೊಂಡು ಬಂದಳು, ನನ್ನ ಮಗ ಈಗ ಎಷ್ಟು ಛಲೋ ಆಗ್ಯಾನ ನೋಡ್ರಿ ಅಂತ. ಹನ್ನೊಂದನೇ ದಿನ ಶ್ರಾವಣ ಸೋಮವಾರ.

ಮೊದಲ ಟ್ರಿಪ್ಪು ಮುಗಿಸಿ ನಾಷ್ಟಾಕ್ಕೆಂದು ಎಂಟಕ್ಕೆ ಮನೆಗೆ ಬಂದೆ. ಅವ್ವ ಪೂಜೆಗೆ ಕೂತಿದ್ದಳು. ದಿನಾ ಸೂಜಿಯಾದ ಮೇಲೆ ಹತ್ತು ನಿಮಿಷ ಇಷ್ಟಲಿಂಗದ ಪೂಜೆ ಮಾಡಿ ಉಣ್ಣುತ್ತಾಳೆ. ಪೂಜೆ ಮುಗಿಯುವ ತನಕ ನೀರೂ ಮುಟ್ಟುವುದಿಲ್ಲ. ಶ್ರಾವಣ ಸೋಮವಾರ ಮಾತ್ರ ಪೂಜೆ ಉದ್ದ. ಗುರಮ್ಮ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು ಬಾಗಿಲ ಬಳಿ ಕೈಮುಗಿದು ನಿಂತಿದ್ದರು.

ಅವ್ವ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಲಿಂಗ. ಅರೆಗಣ್ಣು. ಈಗ ತಾನೇ ಮುಖ ತೊಳೆದ ಹಾಗೆ ಹಣೆಯಿಂದ ನೀರಿಳಿದು ವಿಭೂತಿಯೆಲ್ಲ ಕರಗಿತ್ತು.

“ಸುಮ್ಮ ನಿಂದ್ರು ರವಿ,” ಗುರಮ್ಮ ಪಿಸುಗುಟ್ಟಿದಳು. “ನಿಮ್ಮವ್ವಗ ಲಿಂಗದಾಗ ಲಕ್ಷ್ಯ ನಿಂತದ. ಅರ್ಧ ತಾಸಾಯ್ತು, ಮಾತಿಲ್ಲ ಕತಿಯಿಲ್ಲ.”

ಲಿಂಗಪೂಜೆಗೆ ಕೂತವರನ್ನು ಯಾರೂ ಮುಟ್ಟುವುದಿಲ್ಲ, ಕರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಕೂಸಿಗೂ ಇದು ಗೊತ್ತು. ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

“ಕೈ ನಡಗಲತ್ಯಾವ ನೋಡ್ರಿ,” ಎಂದಳು ಒಬ್ಬಳು.

“ಶಿವಾ ಮೈಯಾಗ ಬಂದ್ರ ಹಂಗೇ ಆಗ್ತದ,” ಎಂದಳು ಇನ್ನೊಬ್ಬಳು.

ಹೀಗೆ ನಾವು ಇನ್ನೂ ಹತ್ತು ನಿಮಿಷ ನಿಂತೆವು. ನಮ್ಮವ್ವ ನಮ್ಮ ಕಣ್ಣೆದುರಿಗೆ ಸಾಯುತ್ತಿದ್ದಳು, ನಾವು ನಾಲ್ಕು ಮಂದಿ ಕೈಮುಗಿದು ನೋಡುತ್ತಿದ್ದೆವು.

ಆಮೇಲೆ ಲಿಂಗ ಅವಳ ಅಂಗೈಯಿಂದ ಜಾರಿತು. ಮಣೆಗೆ ಬಡಿದು ಉರುಳಿ ನನ್ನ ಕಾಲ ಹತ್ತಿರ ಬಂತು. ಅವ್ವ ಕೈ ಚಾಚಲಿಲ್ಲ. ಬುದ್ಧಿ ಬಂದಾಗಿನಿಂದ ಕೈಯಿಂದ ಲಿಂಗ ಬಿಡದವಳು ಅದು ಎಲ್ಲಿ ಬಿತ್ತೆಂದೂ ನೋಡಲಿಲ್ಲ. ಗುರಮ್ಮ ಓಡಿಬಂದು ಲಿಂಗವನ್ನು ಸೆರಗಿನಲ್ಲಿ ಎತ್ತಿಕೊಂಡಳು, ಕಣ್ಣಿಗೊತ್ತಿಕೊಂಡಳು, ತೊಳೆಯಲು ನೀರು ತರಲು ಹೇಳಿದಳು. ಮೂವರು ಹೆಂಗಸರೂ ಲಿಂಗದ ಸುತ್ತಲೇ ಬಾಗಿದರು. ಅವ್ವ ಗೋಡೆಗುಂಟ ಜಾರಿ ನೆಲಕ್ಕೊರಗಿದಳು. ಅವಳ ಹತ್ತಿರ ಒಳಗಿಂದ ಓಡಿಬಂದದ್ದು ಯೋಗಿತಾ ಒಬ್ಬಳೇ.

“ಕಾಕಾ, ಅಜ್ಜಿ ಮೈ ಪೂರಾ ತಣ್ಣಗದ. ಇದು ಪೂಜಾ ಅಲ್ಲ.”

ಅವ್ವನನ್ನು ಹೊತ್ತು ಟಮಟಮದಲ್ಲಿ ಹಾಕಿದೆ. ಯೋಗಿತಾ ಅಡುಗೆಮನೆಯಿಂದ ಬೆಲ್ಲ ಹಿಡಿದು ಹತ್ತಿದಳು, ದಾರಿಯಲ್ಲೇ ತಾಯಿಗೆ ಫೋನು ಹಚ್ಚಿದಳು. ಎಂಜಿನ್ನಿನ ಸದ್ದಿನಲ್ಲೂ ವೈನಿಯ ದನಿ ನನಗೆ ಕೇಳುತ್ತಿತ್ತು. “ಬಾಯಾಗ ನೀರು ಹಾಕಬ್ಯಾಡ, ನೆತ್ತಿಗಿ ಹತ್ತತದ. ಒಂದು ಮಗ್ಗಲಾ ಹೊಳ್ಳಸು. ಬೆಲ್ಲ ಒದ್ದಿ ಮಾಡಿ ವಸಡಿಗಿ ತಿಕ್ಕು. ತಿಕ್ಕತಾ ಇರು. ನಾ ಫೋನ್ ಇಡಂಗಿಲ್ಲ.” ಉಮರಗಾ ಮುಟ್ಟುವ ತನಕ ಅವಳು ಫೋನು ಇಡಲಿಲ್ಲ.

“ಶುಗರ್ ಅಠ್ಠಾವೀಸ,” ಎಂದ ಡಾಕ್ಟರ್. ಇಪ್ಪತ್ತೆಂಟು. ಗ್ಲುಕೋಸ್ ಹಚ್ಚುತ್ತ ಅಣ್ಣನ ಕಡೆ ತಿರುಗಿದ. “ಕಿತೀ ಯುನಿಟ್ ದಿಲಂ?” ಎಷ್ಟು ಯುನಿಟ್ ಕೊಟ್ಟಿರಿ?

ಗುರಮ್ಮನ ಜೊತೆ ಹಿಂದಿನ ಗಾಡಿಯಲ್ಲಿ ಬಂದಿದ್ದ ಅಣ್ಣ “ವೀಸ” ಎಂದ. ಇಪ್ಪತ್ತು. ಅರ್ಧ ತಾಸು ಬಿಟ್ಟು ಹೊರಗೆ ನನ್ನ ಹತ್ತಿರ ಬಂದ.

“ರವಿ, ಸಿರಿಂಜ್ ಪೂರಾ ತುಂಬಿತ್ತು.”

“ಅಂದ್ರ?”

“ಇಪ್ಪತ್ತು ಎಳದಿದ್ದೆ. ಅಷ್ಟರಾಗ ಯಾರೋ ಮೋಟಾರ್ ಆಯ್ತೇನಂತ ಹೊರಗಿಂದ ಕರದರು. ಮಾತಾಡಿ ಬಂದೆ. ಬಾಟಲಿ ಹೊರಗೇ ಇತ್ತು. ಇನ್ನಾ ಎಳದಿಲ್ಲ ಅಂತ ತಿಳದು ಮತ್ತ ಇಪ್ಪತ್ತು ಎಳದೆ. ಅದರಾಗೇ.”

“ತುಂಬಿದ್ದು ಕಾಣಸಲಿಲ್ಲೇನೋ ನಿನಗ?”

“ಕಾಣಸ್ತು. ತುಂಬ್ಯದ ಅಂತ ಕಾಣಸ್ತು. ಅದು ತಪ್ಪು ಅಂತ ಕಾಣಸಲಿಲ್ಲ.”

ನಾನು ನನ್ನ ಅಣ್ಣನ ಮೇಲೆ ಕೈ ಎತ್ತಿದೆ. ಅವನು ಹಿಂದೆ ಸರಿಯಲಿಲ್ಲ. “ಹೊಡಿ,” ಎಂದ. ಕೈ ತಾನೇ ಇಳಿಯಿತು. ಅವನನ್ನು ತೋಳು ಹಿಡಿದು ಒಳಗೆ ಕರೆದೊಯ್ದೆ. ನಲವತ್ತು ಎಂದು ಡಾಕ್ಟರಿಗೆ ಅವನೇ ಹೇಳಿದ.

ಮಧ್ಯಾಹ್ನ ಅವ್ವನಿಗೆ ಪೂರ್ತಿ ಎಚ್ಚರವಾಯಿತು. ಕೊಟ್ಟ ಗಂಜಿ ಕುಡಿದಳು, ಲಿಂಗ ಎಲ್ಲಿ ಎಂದು ಕೇಳಿ ಕೊರಳಿಗೆ ಕಟ್ಟಿಸಿಕೊಂಡಳು. ಆಮೇಲೆ ಸೊಸೆಯ ಸುದ್ದಿ ತೆಗೆದಳು.

“ಆಕಿ ಇದ್ರ ಹಿಂಗಾಗತಿತ್ತೇನು? ಕರಸ್ರಿ. ಇವತ್ತೇ ಹೊರಡಲಿ.”

“ಹೌದು ಮತ್ತ,” ಎಂದಳು ಗುರಮ್ಮ. “ಅತ್ತಿ ದವಾಖಾನ್ಯಾಗ, ಸೊಸಿ ತವರಮನ್ಯಾಗ.”

“ಫೋನ್ ಬಂದ್ ಮಾಡಿಸಿದಾಕಿ ಯಾರು?” ಎಂದೆ. “ರಿಮೋಟ್ ಅಂದು ಚುಚ್ಚಿದಾಕಿ ಯಾರು?”

“ನೀ ಸುಮ್ಮಿರು,” ಎಂದಳು ಅವ್ವ. “ಸಾಲಿ ಬಿಟ್ಟಾಂವ ನನಗ ಬುದ್ಧಿ ಹೇಳಲಾಕ ಬಂದಾನ.”

ಸಂಜೆ ವೈನಿ ನನಗೆ ಫೋನು ಮಾಡಿ, ಬರಲೇನು ರವಿ ಎಂದು ಕೇಳಿದಳು. ಹಿಂದಿನಿಂದ ಅವಳ ತಾಯಿ ನರಳುವುದು ಕೇಳುತ್ತಿತ್ತು. ಬರಬ್ಯಾಡ ಎಂದೆ.

ಮರುದಿನ ಡಾಕ್ಟರ್ ಅಣ್ಣನನ್ನು ಅವ್ವನ ಮಂಚದ ಹತ್ತಿರವೇ ಕೂಡಿಸಿಕೊಂಡು ಮರಾಠಿಯಲ್ಲಿ ಏನೇನೋ ಕೇಳಿದ. ಕೆಲಸ ನಡುವೆ ಬಿಟ್ಟುಹೋಗುತ್ತದೆಯೇ, ಸಾಮಾನು ಕಳೆಯುತ್ತವೆಯೇ, ಎರಡು ಮಾತು ಒಮ್ಮೆಗೆ ಹೇಳಿದರೆ ಒಂದು ಹೋಗುತ್ತದೆಯೇ. ಎಲ್ಲದಕ್ಕೂ ಅಣ್ಣ ಹೂಂ ಎಂದ.

“ಲಹಾನಪಣಾಪಾಸೂನ?” ಎಂದು ಕೇಳಿದ ಡಾಕ್ಟರ್. ಸಣ್ಣವನಿದ್ದಾಗಿನಿಂದಲೇ?

ಅಣ್ಣ ಅವ್ವನ ಕಡೆ ನೋಡಿದ. ಲಗ್ನ ಆದ ಮೇಲಿಂದ ಅನ್ನುತ್ತಾಳೆ ಎಂದು ನಾನು ಕಾದೆ.

“ಹೋ,” ಎಂದಳು ಅವ್ವ. ಹೌದು. ಡಾಕ್ಟರಿಗೆ ಸುಳ್ಳು ಹೇಳಲು ಹೆದರಿದಳೋ ಏನೋ. “ಲಹಾನಪಣಾಪಾಸೂನಚ.” ಆಮೇಲೆ ಹೇಳುತ್ತಲೇ ಹೋದಳು. ಸಾಲೆಗೆ ಹೋದವನು ಒಂದು ಕಾಲಿನ ಚಪ್ಪಲಿ ಅಲ್ಲೇ ಬಿಟ್ಟು ಬರುತ್ತಿದ್ದದ್ದು, ದಿನಾ ಸಂಜೆ ತಾನು ಹೋಗಿ ಹುಡುಕಿ ತರುತ್ತಿದ್ದದ್ದು. ಹತ್ತನೆತ್ತಾ ಪರೀಕ್ಷೆಗೆ ತಾನೇ ಬಾಗಿಲ ತನಕ ಹೋಗಿ ಪೆನ್ನು ಕೊಡುತ್ತಿದ್ದದ್ದು. ಇಪ್ಪತ್ತಾರು ವರ್ಷದ ತನಕ ಅವನ ಹಿಂದೆ ತಾನೇ ಇದ್ದದ್ದು.

ಇದು ಆಲಸ್ಯ ಅಲ್ಲ, ಸೊಕ್ಕೂ ಅಲ್ಲ, ಹುಟ್ಟಿನಿಂದಲೇ ಲಕ್ಷ್ಯ ನಿಲ್ಲದ ತೊಂದರೆ, ಇದಕ್ಕೆ ಹೆಸರಿದೆ, ಔಷಧ ಇದೆ ಎಂದು ಡಾಕ್ಟರ್ ಲಾತೂರಿನ ಒಬ್ಬ ಮನೋವೈದ್ಯರ ವಿಳಾಸ ಬರೆದುಕೊಟ್ಟ. ಅಣ್ಣ ಆ ಚೀಟಿಯನ್ನು ಹಿಡಿದುಕೊಂಡೇ ಕೂತ. ನಾನು ಅವ್ವನ ಮುಖ ನೋಡುತ್ತಿದ್ದೆ. ಇಪ್ಪತ್ನಾಲ್ಕು ವರ್ಷ ನೋಡಿದ ಮುಖ, ಅವತ್ತು ಗುರುತು ಹತ್ತಲಿಲ್ಲ.

ಹದಿಮೂರನೇ ದಿನ ಬಿಡುಗಡೆಯಾಯಿತು. ದಾಳಿಂಬಕ್ಕೆ ಬೇಡ ಎಂದಳು ಅವ್ವ. “ಔರಾದಕ್ಕ ನಡಿ. ನಾ ಮುಂದ ನಿಂತು ಕರದ್ರ ಆಕಿ ಇಲ್ಲ ಅನ್ನಂಗಿಲ್ಲ.”

ಮೂರು ತಾಸಿನ ದಾರಿ. ಯೋಗಿತಾಳನ್ನು ಗುರಮ್ಮನ ಹತ್ತಿರ ಬಿಟ್ಟಿದ್ದೆವು, ಹಿಂದಿನ ಸೀಟಿನಲ್ಲಿ ಅವ್ವ, ಅಣ್ಣ ಇಬ್ಬರೇ. ನಿಲಂಗಾ ದಾಟಿದರೂ ಅಣ್ಣ ಆ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಇದ್ದ.

ವೈನಿ ತನ್ನ ತಾಯಿಯ ತಲೆ ಬಾಚುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನೀರು ಕೊಟ್ಟಳು, ಅವ್ವನ ಹಣೆ ಮುಟ್ಟಿ ನೋಡಿದಳು, ಚಹಾ ಇಟ್ಟಳು. ಅವ್ವನ ಕಪ್ಪಿಗೆ ಸಕ್ಕರೆ ಹಾಕಲಿಲ್ಲ.

“ಸಾಮಾನ ಕಟ್ಟು,” ಎಂದಳು ಅವ್ವ, ಚಹಾ ಮುಗಿಸಿ.

“ಇನ್ನಾ ಏಳು ದಿನ ಅದಾವ್ರಿ ಅತ್ತಿ.”

“ನಾ ಸತ್ತಿದ್ರ?”

ವೈನಿಯ ಕಣ್ಣು ಗೋಡೆಗೆ ನೇತುಹಾಕಿದ್ದ ಚೀಲದ ಕಡೆ ಹೋಯಿತು. ಹದಿನಾಲ್ಕು ವರ್ಷದ ಅಭ್ಯಾಸ. ಈಗ ಎದ್ದು ಕಟ್ಟುತ್ತಾಳೆ ಅನ್ನಿಸಿತು ನನಗೆ.

“ಅವ್ವ,” ಎಂದೆ, “ಡಾಕ್ಟರಗ ಹೇಳಿದ್ದು ಇಲ್ಲಿ ಹೇಳು.”

“ಏನ್ ಹೇಳೀನಿ?”

“ಅಣ್ಣ ಸಣ್ಣಾಂವ ಇದ್ದಾಗಿಂದ ಹಿಂಗೇ ಅಂತ.”

ವೈನಿ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು. “ನಾ ಬಂದ ಮ್ಯಾಲ ಕೆಟ್ಟರು ಅಂತಿದ್ರಿ.”

ಮಾತಾಡಿದ್ದು ಮಂಚದ ಮೇಲಿನ ಕಲ್ಯಾಣಮ್ಮ.

“ಬೀಗರ, ಕನ್ಯಾ ನೋಡಲಾಕ ಬಂದಾಗ ನನ್ನ ಮಗಳಿಗಿ ನಾಲ್ಕು ಕೆಲಸ ಒಮ್ಮಿಗೇ ಹೇಳಿದ್ರಿ. ನೀರು ತಾ, ಅಡಕಿ ತಾ, ಹಿತ್ತಲದಾಗಿಂದ ನಿಮ್ಮಪ್ಪಗ ಕರಿ, ಬರೂ ಮುಂದ ಎಮ್ಮಿಗಿ ಕಣಕಿ ಹಾಕಿ ಬಾ ಅಂತ. ನಾಲ್ಕೂ ಮಾಡಿ ಬಂದಳು. ಇದೇ ಹುಡುಗಿ ಬೇಕು ಅಂತ ನೀವು ಅಲ್ಲೇ ಎದ್ದು ನಿಂತ್ರಿ. ನಾ ಊರೆಲ್ಲ ಹೇಳ್ಕೊಂಡು ತಿರಗೀನಿ.”

“ಹೂಂ,” ಎಂದಳು ಅವ್ವ. “ಅದಕ್ಕ ಮುಂಚೆ ಇಬ್ಬರು ಹುಡುಗ್ಯಾರಿಗಿ ಹಂಗೇ ಹೇಳಿ ನೋಡಿದ್ದೆ. ಅವರು ಎರಡೆರಡು ಮರತರು. ಈಕಿ ಮರೀಲಿಲ್ಲ. ನಾ ಎಷ್ಟು ದಿನ ಅವನ ಹಿಂದ ಇರ್ತಿದ್ದೆ ಹೇಳ್ರಿ? ಯಾರರೆ ಒಬ್ಬರು ಬೇಕಾಗಿತ್ತಲ್ಲ.”

“ಹೇಳಬೇಕಿತ್ರಿ ಅತ್ತಿ,” ಎಂದಳು ವೈನಿ.

“ಹೇಳಿದ್ರ ನೀ ಬರ್ತಿದ್ದೇನು?”

“ಬರ್ತಿದ್ದೆನೋ ಇಲ್ಲೋ. ಆದ್ರ ನಾ ಮಾತಾಡೂ ಮುಂದ ಇವರು ನಡಬರಕ ಎದ್ದು ಹೋಗ್ತಾರಲ್ಲ, ಆವಾಗೆಲ್ಲ ನಾ ಇವರಿಗಿ ಬ್ಯಾಡಾಗೀನಿ ಅಂತ ತಿಳಕೊಂಡೀನಿ. ಹದಿನಾಲ್ಕು ವರ್ಷ. ಹಂಗ ತಿಳಕೋತಿದ್ದಿಲ್ಲ.”

ಅಣ್ಣ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ. ಮದುವೆಯಾದಾಗಿನಿಂದ ಇಂಥ ಮಾತಿನಲ್ಲಿ ಅವನು ಬಾಯಿ ಹಾಕಿದ್ದನ್ನು ನಾನು ಕೇಳಿರಲಿಲ್ಲ.

“ನನಗೂ ಹೇಳಬೇಕಿತ್ತವ್ವ,” ಎಂದ. “ನಿನಗ ಗೊತ್ತಿತ್ತು. ಗೊತ್ತಿದ್ದೂ ಸೊಕ್ಕು ಅಂತಿದ್ದಿ. ನಾ ಖರೇನೇ ಸೊಕ್ಕಿನಾಂವ ಅಂತ ತಿಳಕೊಂಡಿದ್ದೆ.”

ಅವ್ವ ಅವನ ಕಡೆ ನೋಡಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು. “ಹೊತ್ತಾಯ್ತು. ನಡೀರಿ.”

ವೈನಿ ಏಳಲಿಲ್ಲ. ಅಣ್ಣನೂ ಏಳಲಿಲ್ಲ. ಕಲ್ಯಾಣಮ್ಮ ಬಚ್ಚಲಿಗೆ ಹೋಗಬೇಕೆಂದಳು. ಆಗ ಇಬ್ಬರೂ ಎದ್ದರು.

“ನೀವು ಈ ತೋಳ ಹಿಡೀರಿ,” ಎಂದಳು ವೈನಿ ಅಣ್ಣನಿಗೆ. “ಬರೇ ತೋಳ. ಬ್ಯಾರೆ ಏನೂ ನೆನಸಬ್ಯಾಡ್ರಿ. ನಾ ಹೇಳೂ ತನಕ ಬಿಡಬ್ಯಾಡ್ರಿ.”

ಅಳಿಯ ಅತ್ತೆಯ ತೋಳು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋಗುವುದನ್ನು ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಅವನು ಬಿಡಲಿಲ್ಲ. ಮುದುಕಿಯನ್ನು ವಾಪಸು ಮಂಚಕ್ಕೆ ತಂದು ಮಲಗಿಸಿದ ಮೇಲೂ ಹೆಂಡತಿ ಹೇಳುವ ತನಕ ಹಿಡಿದೇ ನಿಂತಿದ್ದ.

ವೈನಿ ಗಾಡಿಯ ತನಕ ಬಂದಳು. “ಸೂಜಿ?” ಎಂದಳು ನನಗೆ.

“ನಾ ಕೊಡ್ತೀನಿ ವೈನಿ. ತಡಾ ಮಾಡಿ ಗಾಡಿ ತಗೀತೀನಿ.”

“ಹೋದ ಸಲ ನೋಡ್ತೀನಿ ಅಂದಿದ್ದಿ.”

ಅವಳು ಅವ್ವನ ಕಡೆ ತಿರುಗಿದಳು. “ಏಳು ದಿನ ಆದ ಮ್ಯಾಲ ಬರ್ತೀನೋ ಇಲ್ಲೋ, ಆವಾಗ ಹೇಳ್ತೀನ್ರಿ. ಇವರು ಇಲ್ಲೇ ಇರ್ತಾರ. ಲಾತೂರಿಗಿ ಇಲ್ಲಿಂದೇ ಹೋಗ್ತೀವಿ.” ಒಳಗೆ ಹೋದಳು.

ಅವ್ವ ಹತ್ತಿ ಕೂತಳು. ಮೂವರಿಗೆಂದು ಖಾಲಿ ಇಟ್ಟುಕೊಂಡು ಬಂದ ಗಾಡಿ. ನಿಲಂಗಾದಲ್ಲಿ ಮಂದಿ ಕೈ ಮಾಡಿದರು. ನಿಲ್ಲಿಸಲೋ ಬೇಡವೋ ಎಂದು ಕನ್ನಡಿಯಲ್ಲಿ ನೋಡಿದೆ. “ನಿಲ್ಲಸು,” ಎಂದಳು ಅವ್ವ. “ಜಾಗಾ ಅದ.”

ಗಾಡಿ ತುಂಬಿತು. ಅವ್ವನ ಬಗಲಿಗೆ ಗಂಟು ಹಿಡಿದ ಒಬ್ಬ ಹೆಂಗಸು ಕೂತಳು, ಕಾಸಾರ ಶಿರಸಿಗೆ ಹೋಗುವವಳು. ಸ್ವಲ್ಪ ದೂರ ಹೋದ ಮೇಲೆ ಮಾತು ತೆಗೆದಳು.

“ಮಗಳ ಮನೀಗಿ ಹೋಗಿದ್ರೇನ್ರಿ?”

“ಇಲ್ಲ. ಸೊಸೀಗಿ ಕರಕೊಂಡು ಬರಲಾಕ ಹೋಗಿದ್ದೆ.”

ಹೆಂಗಸು ಅತ್ತಿತ್ತ ನೋಡಿದಳು. “ಬರಲಿಲ್ಲೇನು? ಈಗಿನ ಸೊಸ್ಯಾರು ಹಂಗೇ ನೋಡ್ರಿ. ತವರಿಗಿ ಹೋದ್ರ ಮುಗೀತು.”

ಇಂಥ ಮಾತಿಗೆ ನಮ್ಮವ್ವ ಎಂದೂ ಹಿಂದೆ ಬಿದ್ದವಳಲ್ಲ. ಈಗ ಶುರುವಾಗುತ್ತದೆ ಎಂದು ಹ್ಯಾಂಡಲ್ ಬಿಗಿಹಿಡಿದೆ. ಶುರುಮಾಡಿದರೆ ಗಾಡಿ ಅಲ್ಲೇ ನಿಲ್ಲಿಸಿ ಇಳಿದು ಹೋಗುವವನಿದ್ದೆ.

“ಆಕಿದೇನೂ ತಪ್ಪಿಲ್ಲವ್ವ,” ಎಂದಳು ಅವ್ವ. “ಮಗ ಹಿಂಗದಾನ ಅಂತ ಮುಚ್ಚಿಟ್ಟು ಲಗ್ನಾ ಮಾಡಿದಾಕಿ ನಾನು.”

ಎಂಜಿನ್ನಿನ ಸದ್ದಿಗೆ ಮೀರಿ ಜೋರಾಗಿಯೇ ಹೇಳಿದಳು. ಟಮಟಮದಲ್ಲಿ ಒಂಬತ್ತು ಮಂದಿ ಇದ್ದರು. ಎಲ್ಲರೂ ಕೇಳಿಸಿಕೊಂಡರು.